ಡೆವಿಲ್ಸ್ ಲೇಕ್‌ನಲ್ಲಿ ಎರಡು ರಾತ್ರಿ: ಬಂಡೆ, ನೀರು, ಟೆಂಟು – ಯಾವುದು ಯಾವಾಗ?

ಶನಿವಾರ ಬೆಳಿಗ್ಗೆ ನಿಧಾನವಾಗಿ ತಿಂಡಿ ಮುಗಿಸಿ ಶಿಕಾಗೋ ಬಿಡುವುದು, ಮಧ್ಯಾಹ್ನದ ಹೊತ್ತಿಗೆ ಡೆವಿಲ್ಸ್ ಲೇಕ್ ತಲುಪಿ ಪಾರ್ಕಿಂಗ್‌ಗಾಗಿ ಸುತ್ತುವುದು, ಸುಡುವ ಬಿಸಿಲಲ್ಲಿ ಬಂಡೆ ಹತ್ತುವುದು, ಸುಸ್ತಾಗಿ ಇಳಿದು ಕಯಾಕ್ ಬಾಡಿಗೆಗೆ ಸಾಲಿನಲ್ಲಿ ನಿಲ್ಲುವುದು, ಕೊನೆಗೆ "ಜಾಗ ಚೆನ್ನಾಗಿದೆ, ಆದರೆ ವಿಪರೀತ ರಷ್" ಎನ್ನುತ್ತಾ ಮನೆಗೆ ಬರುವುದು. ಹೆಚ್ಚಿನವರ ಡೆವಿಲ್ಸ್ ಲೇಕ್ ಇಷ್ಟೇ. ರಷ್ ಇರುವುದು ನಿಜ. ವಿಸ್ಕಾನ್ಸಿನ್‌ನ ಸ್ಟೇಟ್ ಪಾರ್ಕುಗಳಲ್ಲೇ ಅತಿ ಹೆಚ್ಚು ಜನ ಬರುವುದು ಇಲ್ಲಿಗೆ. ಆದರೆ ಕೆಡುವುದು ಜನರಿಂದಲ್ಲ, ಮಾಡುವ ಕೆಲಸಗಳ ಹೊತ್ತು ತಪ್ಪುವುದರಿಂದ. ಶುಕ್ರವಾರ ಸಂಜೆ ಟೆಂಟು, ಶನಿವಾರ ಬೆಳಿಗ್ಗೆ ಬಂಡೆ, ಮಧ್ಯಾಹ್ನ ಈಜು, ಭಾನುವಾರ ಬೆಳಗಿನ ಜಾವ ಕಯಾಕ್. ಈ ಕ್ರಮ ಹಿಡಿದರೆ ಜುಲೈ ತಿಂಗಳ ವಾರಾಂತ್ಯದಲ್ಲೂ ಪಾರ್ಕು ಅರ್ಧ ಖಾಲಿ ಇದ್ದಂತೆ ಕಾಣುತ್ತದೆ.

ಜಾಗದ ರಚನೆ ಮೊದಲು ತಿಳಿದಿರಲಿ

ಬಾರಬೂ ಊರಿನ ಪಕ್ಕದ ಈ ಪಾರ್ಕು ಶುರುವಾದದ್ದು 1911ರಲ್ಲಿ. ವಿಸ್ತೀರ್ಣ 9,000 ಎಕರೆಗೂ ಹೆಚ್ಚು. ಅದರಲ್ಲಿ ಸರೋವರ 360 ಎಕರೆ. ಪೂರ್ವಕ್ಕೂ ಪಶ್ಚಿಮಕ್ಕೂ ಸುಮಾರು 500 ಅಡಿ ಎತ್ತರದ ಗುಲಾಬಿ-ನೇರಳೆ ಬಣ್ಣದ ಕ್ವಾರ್ಟ್ಜೈಟ್ ಎಂಬ ಗಟ್ಟಿ ಕಲ್ಲಿನ ಬೆಟ್ಟಗಳು. ಇವೇ ಈಸ್ಟ್ ಬ್ಲಫ್ ಮತ್ತು ವೆಸ್ಟ್ ಬ್ಲಫ್. ಹಿಮಯುಗದಲ್ಲಿ ಹಿಮನದಿ ಕಣಿವೆಯ ಎರಡೂ ಬಾಯಿಗೆ ಕಲ್ಲುಮಣ್ಣು ತಂದು ಸುರಿದು ಮುಚ್ಚಿತು, ನಡುವೆ ನೀರು ನಿಂತಿತು. ಹೊರಹರಿವು ಇಲ್ಲದ್ದರಿಂದ ವರ್ಷದಿಂದ ವರ್ಷಕ್ಕೆ ನೀರಿನ ಮಟ್ಟ ಏರಿಳಿಯುತ್ತದೆ. ಹೋದ ಸಲ ಅಗಲವಾಗಿದ್ದ ಮರಳದಂಡೆ ಈ ಸಲ ಕಿರಿದಾಗಿದ್ದರೆ ಆಶ್ಚರ್ಯವಿಲ್ಲ.

ಉತ್ತರದಲ್ಲೊಂದು ದಂಡೆ, ದಕ್ಷಿಣದಲ್ಲೊಂದು ದಂಡೆ: ನಾರ್ತ್ ಶೋರ್, ಸೌತ್ ಶೋರ್. ಎರಡರಲ್ಲೂ ಈಜುವ ಜಾಗ, ಪಿಕ್ನಿಕ್ ಮೇಜು, ಪಾರ್ಕಿಂಗ್ ಇವೆ. ಆದರೆ ನೀರಿನ ಅಂಚಿನಲ್ಲೇ ಇವೆರಡನ್ನು ಸೇರಿಸುವ ಕಾರಿನ ರಸ್ತೆ ಇಲ್ಲ, ಬೆಟ್ಟ ಬಳಸಿ ಹೋಗಬೇಕು. ಕಣಿವೆಯೊಳಗೆ ಮೊಬೈಲ್ ಸಿಗ್ನಲ್ಲೂ ನೆಚ್ಚುವಂಥದ್ದಲ್ಲ. ಮೂರು ಕಾರಿನಲ್ಲಿ ಹೊರಟವರು ಬರೀ "ಡೆವಿಲ್ಸ್ ಲೇಕ್" ಎಂದು ಮ್ಯಾಪಿಗೆ ಹಾಕಿದರೆ ಚಿತ್ರಾನ್ನದ ಡಬ್ಬಿ ಒಂದು ದಂಡೆಯಲ್ಲಿ, ತಟ್ಟೆಗಳು ಇನ್ನೊಂದು ದಂಡೆಯಲ್ಲಿ ಆಗುವುದು ಖಂಡಿತ. ಯಾವ ಶೋರ್, ಎಷ್ಟು ಗಂಟೆ, ಯಾವ ಕಟ್ಟಡದ ಹತ್ತಿರ ಎಂಬುದನ್ನು ಮನೆಯಿಂದಲೇ ವಾಟ್ಸಾಪ್ ಗುಂಪಿನಲ್ಲಿ ಬರೆದುಕೊಳ್ಳಿ. ಮ್ಯಾಪನ್ನು ಡೌನ್‌ಲೋಡ್ ಮಾಡಿಕೊಳ್ಳಿ.

ಕಾರಿನಲ್ಲಿ ಮ್ಯಾಡಿಸನ್‌ನಿಂದ ಒಂದು ಗಂಟೆಯೊಳಗೆ, ಮಿಲ್ವಾಕಿಯಿಂದ ಸುಮಾರು ಎರಡು ಗಂಟೆ, ಶಿಕಾಗೋದಿಂದ ಮೂರರಿಂದ ಮೂರೂವರೆ ಗಂಟೆ.

ಬುಕಿಂಗ್ ಮತ್ತು ಪಾಸು

ಕ್ಯಾಂಪ್‌ಸೈಟುಗಳನ್ನು ಪಾರ್ಕುಗಳನ್ನು ನೋಡಿಕೊಳ್ಳುವ ರಾಜ್ಯದ ಇಲಾಖೆಯಾದ ವಿಸ್ಕಾನ್ಸಿನ್ ಡಿಎನ್‌ಆರ್‌ನ ಆನ್‌ಲೈನ್ ವ್ಯವಸ್ಥೆಯಲ್ಲಿ 11 ತಿಂಗಳು ಮುಂಚಿನಿಂದ ಕಾದಿರಿಸಬಹುದು. ಜೂನ್‌ನಿಂದ ಆಗಸ್ಟ್‌ವರೆಗಿನ ವಾರಾಂತ್ಯ, ಎಲೆ ಬಣ್ಣ ತಿರುಗುವ ಅಕ್ಟೋಬರ್‌ನ ವಾರಾಂತ್ಯ ಬೇಕೆಂದರೆ ಅಷ್ಟು ಮುಂಚೆಯೇ ಕೂರಬೇಕು. ತಡವಾಯಿತೆಂದರೆ ಕೈಬಿಡಬೇಡಿ, ಹೊರಡುವ ವಾರದಲ್ಲಿ ಮಳೆಯ ಮುನ್ಸೂಚನೆ ನೋಡಿ ರದ್ದು ಮಾಡುವವರು ಇದ್ದೇ ಇರುತ್ತಾರೆ. ಭಾನುವಾರದಿಂದ ಗುರುವಾರದವರೆಗೆ ಜಾಗ ಸಿಗುವುದು ಬಹಳ ಸುಲಭ.

ಮೂರು ಕ್ಯಾಂಪ್‌ಗ್ರೌಂಡ್‌ಗಳೂ ಸರೋವರದ ಉತ್ತರದ ಕಡೆಗೇ ಇವೆ. ಕ್ವಾರ್ಟ್ಜೈಟ್ ಎಂಬ ಕ್ಯಾಂಪ್‌ಗ್ರೌಂಡ್ ಮೊದಲು ಗಾಲ್ಫ್ ಮೈದಾನವಾಗಿದ್ದ ಜಾಗ: ಬಯಲು, ನೆರಳು ಕಮ್ಮಿ, ಪಕ್ಕದ ಟೆಂಟಿನವರ ಮಾತೆಲ್ಲ ಕೇಳುತ್ತದೆ, ಆದರೆ ನೀರಿಗೆ ನಡೆದೇ ಹೋಗಬಹುದು. ನಾರ್ದರ್ನ್ ಲೈಟ್ಸ್‌ನಲ್ಲಿ ಬಿಸಿಲೂ ಉಂಟು, ನೆರಳೂ ಉಂಟು. ಐಸ್ ಏಜ್ ದೊಡ್ಡದು, ಕಾಡಿನೊಳಗಿನದು, ನೀರಿನಿಂದ ತುಸು ದೂರ. ಚಿಕ್ಕ ಮಕ್ಕಳಿದ್ದು ಮಧ್ಯಾಹ್ನ ನಿದ್ದೆ ಮಾಡಿಸುವುದಿದ್ದರೆ ಐಸ್ ಏಜ್‌ನ ನೆರಳೇ ಮೇಲು. ಕ್ವಾರ್ಟ್ಜೈಟ್‌ನ ಬಯಲಲ್ಲಿ ಬಿಸಿಲು ಏರಿದ ಮೇಲೆ ಟೆಂಟಿನೊಳಗೆ ಕೂರುವುದು ಆಗದ ಮಾತು. ಸೈಟಿನ ಫೋಟೋ ಬುಕಿಂಗ್ ಪುಟದಲ್ಲೇ ಇರುತ್ತದೆ. ಶೌಚಾಲಯದ ಎದುರಿನ ಸೈಟು ಹತ್ತಿರವೆಂದು ಆಸೆಪಟ್ಟು ಹಿಡಿಯಬೇಡಿ, ರಾತ್ರಿಯಿಡೀ ಬಾಗಿಲಿನ ಸದ್ದು, ದೀಪದ ಬೆಳಕು.

ಒಂದು ಸೈಟಿನಲ್ಲಿ ಒಂದು ಕುಟುಂಬ, ಇಲ್ಲವೇ ಒಂದೇ ಕುಟುಂಬವಲ್ಲದವರಾದರೆ 6 ಜನ. ಎರಡು ಮನೆಯವರು ಸೇರಿ ಹೋಗುವುದಾದರೆ ಅಕ್ಕಪಕ್ಕದ ಎರಡು ಸೈಟು ತೆಗೆದುಕೊಳ್ಳಿ. ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ಅಂತ್ಯಾಕ್ಷರಿಯನ್ನು ಅದಕ್ಕೆ ಮುಂಚೆಯೇ ಮುಗಿಸಬೇಕು.

ಕ್ಯಾಂಪಿಂಗ್ ಶುಲ್ಕದ ಜತೆಗೆ ಪ್ರತಿ ಕಾರಿಗೂ ಪ್ರವೇಶದ ಸ್ಟಿಕರ್ ಬೇರೆ ಬೇಕು. ದರ ನಿರ್ಧಾರವಾಗುವುದು ಕಾರಿನ ನಂಬರ್ ಪ್ಲೇಟಿನಿಂದ, ನೀವು ಎಲ್ಲಿ ವಾಸವಾಗಿದ್ದೀರಿ ಎಂಬುದರಿಂದಲ್ಲ. ಇಲಿನಾಯ್ ಪ್ಲೇಟಿಗೆ ಹೆಚ್ಚು, ವಿಸ್ಕಾನ್ಸಿನ್ ಪ್ಲೇಟಿಗೆ ಕಮ್ಮಿ. ವರ್ಷದಲ್ಲಿ ನಾಲ್ಕಾರು ಸಲ ಯಾವುದಾದರೂ ವಿಸ್ಕಾನ್ಸಿನ್ ಸ್ಟೇಟ್ ಪಾರ್ಕಿಗೆ ಹೋಗುವವರು ವಾರ್ಷಿಕ ಸ್ಟಿಕರ್ ತೆಗೆದುಕೊಳ್ಳುವುದೇ ಲಾಭ.

ಶುಕ್ರವಾರ ಸಂಜೆ: ಟೆಂಟು

ಬೆಳಕಿರುವಾಗಲೇ ತಲುಪಿ. ಹೊಸ ಟೆಂಟಾಗಿದ್ದರೆ ಮನೆಯ ಹಿತ್ತಿಲಲ್ಲೋ ಹಾಲಿನಲ್ಲೋ ಒಂದು ಸಲ ಕಟ್ಟಿ ಬಿಚ್ಚಿರಬೇಕು. ಕಂಬವೊಂದು ಕಮ್ಮಿ ಇರುವುದು ಕತ್ತಲಲ್ಲಿ ಗೊತ್ತಾದರೆ ಮಾಡುವಂಥದ್ದು ಏನೂ ಇರುವುದಿಲ್ಲ. "6 ಜನರ ಟೆಂಟು" ಎಂದರೆ ಆರು ಜನ ಒತ್ತೊತ್ತಾಗಿ ಮಲಗುವ ಲೆಕ್ಕ. ಬ್ಯಾಗುಗಳನ್ನೂ ಇಟ್ಟುಕೊಂಡು ನಾಲ್ಕು ಜನರಿಗೆ ಅದು ಸರಿ.

1. ಸೈಟಿನಲ್ಲಿ ತಗ್ಗು ಬಿಟ್ಟು, ಸಮವಾದ, ತುಸು ಎತ್ತರದ ಜಾಗ ಆರಿಸಿ. ಹುಲ್ಲು ಒಂದೇ ದಿಕ್ಕಿಗೆ ಮಲಗಿದ್ದರೆ, ಮಣ್ಣು ಗಟ್ಟಿ ಹೆಪ್ಪಾಗಿದ್ದರೆ ಅಲ್ಲಿ ಮಳೆನೀರು ಹರಿಯುತ್ತದೆ ಎಂದರ್ಥ. ತಲೆಯೆತ್ತಿ ನೋಡಿ, ಒಣ ಕೊಂಬೆ ಕೆಳಗೆ ಟೆಂಟು ಬೇಡ.

2. ನೆಲಕ್ಕೆ ಟಾರ್ಪಾಲು ಹಾಸಿ, ಆದರೆ ಟೆಂಟಿನ ಅಂಚಿನಿಂದ ಎರಡು ಮೂರು ಇಂಚು ಒಳಗೇ ಇರುವಂತೆ ಮಡಿಸಿ. ಹೊರಗೆ ಚಾಚಿದ ಟಾರ್ಪಾಲಿನ ಮೇಲೆ ಮಳೆನೀರು ಬಿದ್ದು ನೇರವಾಗಿ ಟೆಂಟಿನಡಿಗೆ ಸೇರುತ್ತದೆ. "ಟೆಂಟು ಸೋರಿತು" ಎಂದು ಬೈಸಿಕೊಳ್ಳುವ ಟೆಂಟುಗಳಲ್ಲಿ ಬಹಳಷ್ಟರ ದೋಷ ಇದೇ.

3. ಬಾಗಿಲು ಗಾಳಿಗೆ ಬೆನ್ನು ಮಾಡಿರಲಿ. ಗೂಟದ ತಲೆ ಟೆಂಟಿನಿಂದ ಹೊರಕ್ಕೆ ವಾಲಿ, ಮೊನೆ ಟೆಂಟಿನ ಕಡೆಗೆ ಹೋಗುವಂತೆ ಸುಮಾರು 45 ಡಿಗ್ರಿ ಓರೆಯಾಗಿ ಹೊಡೆಯಿರಿ. ಟೆಂಟಿನ ಜತೆ ಬರುವ ತೆಳು ತಂತಿ ಗೂಟಗಳು ಕಲ್ಲುನೆಲದಲ್ಲಿ ಬಾಗುತ್ತವೆ. ನಾಲ್ಕಾರು ಉಕ್ಕಿನ ಗೂಟ, ಒಂದು ಸುತ್ತಿಗೆ ಜತೆಗಿರಲಿ.

4. ಆಕಾಶ ತಿಳಿಯಾಗಿದ್ದರೂ ಮೇಲಿನ ಮಳೆ ಹೊದಿಕೆ ಹಾಕಿಯೇ ಮಲಗಿ, ಗಾಳಿಕಿಂಡಿ ತೆರೆದಿರಲಿ. ಎಲ್ಲವನ್ನೂ ಮುಚ್ಚಿದರೆ ಉಸಿರಿನ ತೇವವೇ ಬೆಳಗಿನ ಹೊತ್ತಿಗೆ ಹನಿಯಾಗಿ ತೊಟ್ಟಿಕ್ಕುತ್ತದೆ.

ಮೇ ಮತ್ತು ಸೆಪ್ಟೆಂಬರ್‌ನಲ್ಲಿ ಹಗಲು 22 ಡಿಗ್ರಿ ಸೆಲ್ಸಿಯಸ್ ಇದ್ದರೂ ರಾತ್ರಿ 10ಕ್ಕಿಂತ ಕೆಳಗಿಳಿಯಬಹುದು. ಚಳಿ ಬರುವುದು ಮೇಲಿನಿಂದಲ್ಲ, ನೆಲದಿಂದ. ಗಾಳಿ ತುಂಬುವ ಸಾದಾ ಹಾಸಿಗೆಯೊಳಗಿನ ಗಾಳಿ ನೆಲದಷ್ಟೇ ತಣ್ಣಗಾಗಿ ಬೆನ್ನು ಕೊರೆಯುತ್ತದೆ. ಅದರ ಮೇಲೊಂದು ಫೋಮ್ ಹಾಳೆಯೋ ದಪ್ಪ ಜಮಖಾನವೋ ಹಾಸಬೇಕು. ಸ್ಲೀಪಿಂಗ್ ಬ್ಯಾಗಿನ ಮೇಲೆ ಬರೆದ ಉಷ್ಣಾಂಶ ಹೆಚ್ಚಾಗಿ ಅದರ ಕೊನೆಯ ಮಿತಿ. ಹಾಯಾಗಿ ನಿದ್ದೆ ಬರಬೇಕೆಂದರೆ ಅದಕ್ಕಿಂತ ಐದಾರು ಡಿಗ್ರಿ ಬೆಚ್ಚಗಿನ ರಾತ್ರಿಗೆ ಮಾತ್ರ ಅದನ್ನು ನಂಬಿ. ಭಾರತದಿಂದ ಬಂದ ಅಪ್ಪ-ಅಮ್ಮ ಜತೆಗಿದ್ದರೆ ಮಡಿಸುವ ಮಂಚ ಒಯ್ಯಿರಿ. ಚಳಿಗಿಂತಲೂ ಅವರಿಗೆ ಕಷ್ಟವಾಗುವುದು ರಾತ್ರಿ ನೆಲದಿಂದ ಏಳುವುದು.

ಒಲೆ, ಉಪ್ಪಿಟ್ಟು, ಐಸು

ಎರಡು ಬರ್ನರಿನ ಪ್ರೊಪೇನ್ ಸ್ಟವ್ ಸಾಕು. ಒಂದು ಪೌಂಡಿನ ಹಸಿರು ಸಿಲಿಂಡರಿನಲ್ಲಿ ಸುಮಾರು 22,000 ಬಿಟಿಯು (ಶಾಖದ ಅಳತೆ) ಶಾಖವಿರುತ್ತದೆ. ಬರ್ನರು ಗಂಟೆಗೆ 10,000 ಬಿಟಿಯುದ್ದಾದರೆ ಒಂದೇ ಉರಿ ಪೂರ್ತಿ ಇಟ್ಟಾಗ ಎರಡು ಗಂಟೆ ಚಿಲ್ಲರೆ, ಎರಡೂ ಉರಿಸಿದರೆ ಒಂದು ಗಂಟೆ. ಆರು ಜನಕ್ಕೆ ಎರಡು ರಾತ್ರಿ, ಕಾಫಿ-ಚಹಾ ಸೇರಿ, ಎರಡು ಸಿಲಿಂಡರು ಹಿಡಿಯುತ್ತದೆ. ಮೂರನೆಯದು ಕೈಯಲ್ಲಿರಲಿ. ಗಾಳಿಗೆ ತಡೆ ಇಲ್ಲದಿದ್ದರೆ ಈ ಲೆಕ್ಕವೆಲ್ಲ ತಲೆಕೆಳಗು. ಎಷ್ಟೇ ಮಳೆ ಬರಲಿ, ಚಳಿಯಿರಲಿ, ಟೆಂಟಿನೊಳಗೆ ಸ್ಟವ್ ಹಚ್ಚಬೇಡಿ. ಬೆಂಕಿಯ ಅಪಾಯ ಒಂದು, ಕಾರ್ಬನ್ ಮಾನಾಕ್ಸೈಡಿನದು ಇನ್ನೊಂದು, ಎರಡನೆಯದು ವಾಸನೆಯೂ ಇಲ್ಲದೆ ಬರುತ್ತದೆ.

ಕ್ಯಾಂಪಿಗೆ ಉಪ್ಪಿಟ್ಟಿನಷ್ಟು ಒಗ್ಗುವ ತಿಂಡಿ ಇನ್ನೊಂದಿಲ್ಲ, ಆದರೆ ಅರ್ಧ ಕೆಲಸ ಮನೆಯಲ್ಲೇ ಆಗಿರಬೇಕು. ಆರು ಜನಕ್ಕೆ: 4 ದೊಡ್ಡ ಚಮಚ ಎಣ್ಣೆಯಲ್ಲಿ ಒಂದು ಚಿಕ್ಕ ಚಮಚ ಸಾಸಿವೆ, ಒಂದೊಂದು ದೊಡ್ಡ ಚಮಚ ಕಡಲೆಬೇಳೆ, ಉದ್ದಿನಬೇಳೆ, 6 ಹಸಿಮೆಣಸಿನಕಾಯಿ, ಎರಡು ಎಸಳು ಕರಿಬೇವು. ಮೆಣಸಿನಕಾಯಿಯ ಸಿಪ್ಪೆ ಬಿಳಿಚಿಕೊಂಡು, ಕರಿಬೇವು ಮುಟ್ಟಿದರೆ ಪುಡಿಯಾಗುವಷ್ಟು ಗರಿಗರಿಯಾಗಬೇಕು. ತೇವ ಉಳಿದರೆ ಎರಡನೇ ದಿನಕ್ಕೆ ಮುಗ್ಗಲು ವಾಸನೆ. ಅದಕ್ಕೆ 3 ಕಪ್ ಉಪ್ಪಿಟ್ಟಿನ ರವೆ ಹಾಕಿ ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಹುರಿದು, ಪೂರ್ತಿ ಆರಿದ ಮೇಲೆ ಜಿಪ್ ಚೀಲಕ್ಕೆ ತುಂಬಿ. ಬಿಸಿಯಿರುವಾಗ ತುಂಬಿದರೆ ಹಬೆ ಹಿಡಿದು ಗಂಟುಕಟ್ಟುತ್ತದೆ. ಚಿರೋಟಿ ರವೆ ಬೇಡ, ಅಂಟಾಗುತ್ತದೆ.

ಕ್ಯಾಂಪಿನಲ್ಲಿ ಏಳೂವರೆ ಕಪ್ ನೀರಿಗೆ ಎರಡೂವರೆ ಚಿಕ್ಕ ಚಮಚ ಉಪ್ಪು, ಬೇಕಿದ್ದರೆ ಹೆಚ್ಚಿದ ಈರುಳ್ಳಿ ಹಾಕಿ ಕುದಿಸಿ. ನೀರು ಚೆನ್ನಾಗಿ ಮರಳುವಾಗ ರವೆಯನ್ನು ಸಣ್ಣಗೆ ಸುರಿಯುತ್ತಾ ಕೈಯಾಡಿಸಿ, ನೀರು ಇಂಗಿದ ಕೂಡಲೇ ಮುಚ್ಚಳ ಹಾಕಿ ಸ್ಟವ್ ಆರಿಸಿಬಿಡಿ. ಕ್ಯಾಂಪ್ ಸ್ಟವ್‌ನಲ್ಲಿ ಸಣ್ಣ ಉರಿ ನಿಲ್ಲುವುದಿಲ್ಲ: ಗಾಳಿಗೆ ಆರುತ್ತದೆ, ಇಲ್ಲವೇ ತಳ ಹಿಡಿಯುತ್ತದೆ. ಪಾತ್ರೆಗೆ ದಪ್ಪ ಟವೆಲ್ ಸುತ್ತಿ ಆರು ನಿಮಿಷ ಬಿಟ್ಟರೆ ಉಳಿದದ್ದು ಹಬೆಯಲ್ಲೇ ಬೇಯುತ್ತದೆ. ಮೇಲೆ ನಿಂಬೆರಸ, ಕಾಯಿತುರಿ.

ಶುಕ್ರವಾರ ರಾತ್ರಿಗೆ ಚಪಾತಿ-ಪಲ್ಯ, ಶನಿವಾರ ಮಧ್ಯಾಹ್ನಕ್ಕೆ ಪುಳಿಯೋಗರೆ. ಪುಳಿಯೋಗರೆಯ ಗೊಜ್ಜು ಮಾತ್ರ ಒಯ್ದು ಅನ್ನವನ್ನು ಅಲ್ಲೇ ಮಾಡುವುದು ಕ್ಷೇಮ. ಬೇಯಿಸಿದ ಅನ್ನ ಬೆಚ್ಚಗೆ ಬಿದ್ದಿದ್ದರೆ ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೇಗ ಕೆಡುವ ಯಾವುದೇ ಅಡುಗೆ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಬಿಸಿಲು 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಮೊಸರನ್ನವನ್ನು ಹಾಲು ಹೆಚ್ಚು, ಮೊಸರು ಒಂದು ಚಮಚ ಹಾಕಿ ಕಲಸಿದರೆ ಹುಳಿಯೇನೋ ಬರುವುದಿಲ್ಲ, ಆದರೆ ಅದೂ ಐಸ್ ಪೆಟ್ಟಿಗೆಯಲ್ಲೇ ಇರಬೇಕು.

ಐಸ್ ಪೆಟ್ಟಿಗೆ ಎರಡು ಇರಲಿ: ಊಟಕ್ಕೊಂದು, ಕುಡಿಯುವುದಕ್ಕೊಂದು. ಮಕ್ಕಳು ಹತ್ತು ನಿಮಿಷಕ್ಕೊಮ್ಮೆ ತೆಗೆಯುವುದು ಎರಡನೆಯದನ್ನು. ಮನೆಯ ಫ್ರೀಜರಿನಲ್ಲಿ ನೀರಿನ ಕ್ಯಾನುಗಳನ್ನೇ ಗಟ್ಟಿಯಾಗಿಸಿ ಇಟ್ಟರೆ ಐಸ್ ತುಂಡುಗಳಿಗಿಂತ ಬಹಳ ಹೆಚ್ಚು ಹೊತ್ತು ಬರುತ್ತದೆ, ಕರಗಿದ ಮೇಲೆ ಕುಡಿಯಲೂ ಆಯಿತು.

ಊಟ ಮುಗಿದ ಮೇಲೆ ಒಂದು ಚೂರನ್ನೂ ಹೊರಗೆ ಬಿಡಬೇಡಿ. ಇಲ್ಲಿಯ ರ‍್ಯಾಕೂನ್‌ಗಳಿಗೆ ಐಸ್ ಪೆಟ್ಟಿಗೆಯ ಮುಚ್ಚಳ ಎತ್ತುವುದು, ಚೀಲದ ಜಿಪ್ ಎಳೆಯುವುದು ಎಲ್ಲ ಬರುತ್ತದೆ. ಟೆಂಟಿನೊಳಗಿಟ್ಟ ಚಿಪ್ಸ್ ಪೊಟ್ಟಣಕ್ಕಾಗಿ ಟೆಂಟನ್ನೇ ಹರಿದಾವು. ಆಹಾರ, ಕಸದ ಚೀಲ, ಟೂತ್‌ಪೇಸ್ಟ್ ಎಲ್ಲವೂ ಕಾರಿನೊಳಗೆ, ಕಿಟಕಿ ಏರಿಸಿ.

ಸೌದೆ ಮನೆಯಿಂದ ತರುವಂತಿಲ್ಲ. ವಿಸ್ಕಾನ್ಸಿನ್ ಪಾರ್ಕುಗಳಲ್ಲಿ 10 ಮೈಲಿಯೊಳಗಿನ ಸೌದೆ ಅಥವಾ ರಾಜ್ಯದ ಪ್ರಮಾಣಪತ್ರವಿರುವ ಸೌದೆಗೆ ಮಾತ್ರ ಅನುಮತಿ. ಮರ ಕೊರೆಯುವ ಹುಳುಗಳು ಸೌದೆಯ ಜತೆ ಊರೂರು ಸುತ್ತಿ ಆಶ್ ಮರಗಳನ್ನು ಒಣಗಿಸಿರುವುದು ಇದಕ್ಕೆ ಕಾರಣ. ಕಬ್ಬಿಣದ ಬಳೆಯೊಳಗೇ ಬೆಂಕಿ. ಮಲಗುವ ಮುಂಚೆ ನೀರು ಹೊಯ್ದು, ಕೋಲಿನಿಂದ ಬೂದಿ ಕಲಸಿ, ಮತ್ತೆ ಹೊಯ್ದು, ಅಂಗೈ ಹತ್ತಿರ ಹಿಡಿದಾಗ ಬಿಸಿ ತಾಗದಿದ್ದರೆ ಆರಿದೆ ಎಂದು ಲೆಕ್ಕ.

ಶನಿವಾರ ಬೆಳಿಗ್ಗೆ: ಬಂಡೆ

ಏಳು ಗಂಟೆಗೆ ಹೊರಡಿ. ಈಸ್ಟ್ ಬ್ಲಫ್‌ನ ಸರೋವರದ ಕಡೆಯ ಇಳಿಜಾರು ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಬೆಟ್ಟವೇ ನೆರಳು ಕೊಡುತ್ತದೆ, ಮಧ್ಯಾಹ್ನದ ಮೇಲೆ ಕಲ್ಲು ಕಾದು ಒಲೆಯಾಗುತ್ತದೆ. ಕ್ಯಾಂಪಿನಿಂದ ಕಾರು ತೆಗೆಯುವ ಅಗತ್ಯವೇ ಇಲ್ಲದ ಸುತ್ತು ಇದು, ಸುಮಾರು 5 ಮೈಲಿ, ಮಕ್ಕಳೊಂದಿಗೆ ನಾಲ್ಕು ಗಂಟೆ:

ನಾರ್ತ್ ಶೋರ್‌ನಿಂದ ಪಶ್ಚಿಮ ದಂಡೆಗೆ ಬಂದು ಟಂಬಲ್ಡ್ ರಾಕ್ಸ್ ಟ್ರೇಲ್ ಹಿಡಿಯಿರಿ. ವೆಸ್ಟ್ ಬ್ಲಫ್‌ನಿಂದ ಉದುರಿದ ಬಂಡೆರಾಶಿಯ ನಡುವೆ ನೀರಿನ ಪಕ್ಕದಲ್ಲೇ ಒಂದು ಮೈಲಿ, ಏರಿಲ್ಲ. ಕೊನೆಯಲ್ಲಿ ಸೌತ್ ಶೋರ್. ಅಲ್ಲಿ ನೀರು ತುಂಬಿಕೊಳ್ಳಿ, ಶೌಚಾಲಯ ಮುಗಿಸಿ. ಮೇಲೆ ಎರಡೂ ಇಲ್ಲ. ತಲೆಗೆ ಒಂದೂವರೆ ಲೀಟರ್ ನೀರು.

ಸೌತ್ ಶೋರ್‌ನ ಪೂರ್ವ ತುದಿಯಲ್ಲಿ ರೈಲು ಹಳಿ ದಾಟಿದರೆ ಬ್ಯಾಲೆನ್ಸ್‌ಡ್ ರಾಕ್ ಟ್ರೇಲ್. ಉದ್ದ ಬರೀ 0.4 ಮೈಲಿ, ಆದರೆ ಇಡೀ ದಿನದ ಏರೆಲ್ಲ ಇಲ್ಲೇ. ಕಲ್ಲಿನ ಮೆಟ್ಟಿಲುಗಳು ಒಂದೊಂದು ಒಂದೊಂದು ಎತ್ತರ. ಆರೇಳು ವರ್ಷದ ಮಗುವಿಗೆ ಕೆಲವೆಡೆ ಕೈ ಊರಿಯೇ ಹತ್ತಬೇಕು. ಇದನ್ನು ಹತ್ತಲು ಬಳಸಬೇಕೇ ಹೊರತು ಇಳಿಯಲು ಅಲ್ಲ. ಏದುಸಿರು ಎರಡು ನಿಮಿಷದಲ್ಲಿ ಹೋಗುತ್ತದೆ, ಇಳಿಯುವಾಗ ಹಿಡಿದ ಮೊಣಕಾಲು ನಾಲ್ಕು ದಿನ ಬಿಡುವುದಿಲ್ಲ. ಜಾರಿ ಬೀಳುವುದೂ ಇಳಿಯುವಾಗಲೇ ಹೆಚ್ಚು.

ಮೇಲೆ ಬಂದ ಮೇಲೆ ಪೂರ್ವಕ್ಕೆ ತಿರುಗಿ ಡೆವಿಲ್ಸ್ ಡೋರ್‌ವೇ ನೋಡಿ ಬನ್ನಿ: ಬಂಡೆಗಳು ತಾವಾಗಿ ಪೇರಿಸಿಕೊಂಡು ಬಾಗಿಲಿನ ಚೌಕಟ್ಟಾಗಿ ನಿಂತಿವೆ. ಒಂಬತ್ತು ಗಂಟೆಯೊಳಗಾದರೆ ಫೋಟೋಕ್ಕೆ ಸರದಿ ಇರುವುದಿಲ್ಲ. ವಾಪಸು ಬಂದು ಉತ್ತರಕ್ಕೆ ಹೊರಟರೆ ಎರಡು ದಾರಿ. ಈಸ್ಟ್ ಬ್ಲಫ್ ಟ್ರೇಲ್ ಅಂಚಿನಲ್ಲೇ ಸಾಗುತ್ತದೆ, ನೋಟವೆಲ್ಲ ಅದರಲ್ಲಿದೆ, ಕಟಕಟೆ ಎಲ್ಲೂ ಇಲ್ಲ. ಈಸ್ಟ್ ಬ್ಲಫ್ ವುಡ್ಸ್ ಟ್ರೇಲ್ ಕಾಡಿನೊಳಗೆ 1.3 ಮೈಲಿ, ಇಳಿಜಾರು ನಿಧಾನ. ಕೈಬಿಡಿಸಿಕೊಂಡು ಓಡುವ ವಯಸ್ಸಿನ ಮಕ್ಕಳಿದ್ದರೆ ನೋಟದ ಆಸೆ ಬಿಟ್ಟು ಕಾಡಿನ ದಾರಿಯೇ ಹಿಡಿಯಿರಿ. ಎರಡೂ ನಾರ್ತ್ ಶೋರ್ ಕಡೆಗೇ ಇಳಿಯುತ್ತವೆ.

ಪೂರ್ವ ದಂಡೆಯಲ್ಲಿ ನೀರಿನ ಮಟ್ಟದಲ್ಲಿ ನಡೆಯುವ ದಾರಿ ಇಲ್ಲ, ಇರುವುದು ರೈಲು ಹಳಿ ಮಾತ್ರ. ಅದು ಓಡುವ ರೈಲಿನ ಹಳಿ. ಹತ್ತಿರದ ದಾರಿಯೆಂದು ಅದರ ಮೇಲೆ ನಡೆಯುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ.

ಕ್ವಾರ್ಟ್ಜೈಟ್ ಒಣಗಿದ್ದಾಗ ಕಾಲಿಗೆ ಚೆನ್ನಾಗಿ ಸಿಗುತ್ತದೆ, ಒದ್ದೆಯಾದರೆ ಎಣ್ಣೆ ಸವರಿದ ಕಡಪ ಕಲ್ಲಿನ ಹಾಗೆ. ಚಪ್ಪಲಿ, ಸವೆದ ಸ್ನೀಕರ್ ಬೇಡ. ರಾತ್ರಿ ಮಳೆ ಬಿದ್ದಿದ್ದರೆ ಬ್ಯಾಲೆನ್ಸ್‌ಡ್ ರಾಕ್ ಕೈಬಿಟ್ಟು, ನಾರ್ತ್ ಶೋರ್ ಕಡೆಯಿಂದ ಕಾಡಿನ ದಾರಿಯಲ್ಲೇ ಹತ್ತಿ ಅದರಲ್ಲೇ ಇಳಿಯಿರಿ. ಗುಡುಗು ಕೇಳಿಸಿದರೆ ಬಂಡೆಯ ಮೇಲೂ ನೀರಿನ ಮೇಲೂ ಇರಬಾರದು. ಕೊನೆಯ ಗುಡುಗಿನಿಂದ 30 ನಿಮಿಷ ಕಾರಿನಲ್ಲೋ ಕಟ್ಟಡದಲ್ಲೋ ಕಾಯಬೇಕು. ಟಿಂಬರ್ ರ‍್ಯಾಟಲ್ ಸ್ನೇಕ್ ಎಂಬ ವಿಷದ ಹಾವು ಈ ಬಂಡೆಗಳಲ್ಲಿದೆ, ಕಾಣುವುದು ಅಪರೂಪ. ಕಣ್ಣಿಗೆ ಕಾಣದ ಸಂದಿಗೆ ಕೈ ಹಾಕದಿದ್ದರೆ ಅದರ ಪಾಡಿಗೆ ಅದು ಇರುತ್ತದೆ.

ಬಂಡೆ ಹತ್ತಲಾಗದ ಹಿರಿಯರಿಗೆ ಈಸ್ಟ್ ಬ್ಲಫ್‌ನ ದಕ್ಷಿಣ ಬುಡದ ಗ್ರಾಟೋಸ್ ಟ್ರೇಲ್ ಇದೆ: 0.7 ಮೈಲಿ, ಸಮತಟ್ಟು, ನೆರಳು. ಊರುಗೋಲು ಹಿಡಿದವರಿಗೆ ಟಂಬಲ್ಡ್ ರಾಕ್ಸ್‌ಗಿಂತ ಇದೇ ವಾಸಿ. ದಂಡೆಯ ಹತ್ತಿರ ಹುಲ್ಲುಮುಚ್ಚಿದ ತಗ್ಗು ದಿಬ್ಬಗಳು ಕಂಡರೆ ಹತ್ತಬೇಡಿ, ಅವು ಸಾವಿರ ವರ್ಷದ ಆಸುಪಾಸಿನ, ಪ್ರಾಣಿ-ಪಕ್ಷಿ ಆಕಾರದ ಮಣ್ಣಿನ ದಿಬ್ಬಗಳು. ಇಲ್ಲಿಯ ಮೂಲನಿವಾಸಿಗಳಾದ ಹೋ-ಚಂಕ್ ಜನರಿಗೆ ಈ ಸರೋವರವೂ ಈ ದಿಬ್ಬಗಳೂ ಪವಿತ್ರ.

ದಿನವಿಡೀ ಮಳೆಯೆಂದರೆ ಬಾರಬೂ ಊರೇ ಒಂದು ದಿನಕ್ಕೆ ಸಾಕು. ರಿಂಗ್ಲಿಂಗ್ ಸಹೋದರರ ಸರ್ಕಸ್ 1884ರಲ್ಲಿ ಹುಟ್ಟಿದ್ದು ಅಲ್ಲಿ. ಅವರ ಚಳಿಗಾಲದ ತಂಗುದಾಣದ ಜಾಗ ಈಗ ಸರ್ಕಸ್ ವರ್ಲ್ಡ್ ಎಂಬ ಮ್ಯೂಸಿಯಂ. ಜಗತ್ತಿನ 15 ಜಾತಿಯ ಕ್ರೇನ್ ಕೊಕ್ಕರೆಗಳನ್ನೂ ಸಾಕಿರುವ ಇಂಟರ್‌ನ್ಯಾಷನಲ್ ಕ್ರೇನ್ ಫೌಂಡೇಶನ್ ಕೂಡ ಅಲ್ಲೇ. ನಮ್ಮ ಉತ್ತರ ಭಾರತದ ಸಾರಸ್ ಅಲ್ಲಿ ನೋಡಲು ಸಿಗುತ್ತದೆ.

ಮಧ್ಯಾಹ್ನ: ಈಜು

ಈಜುವ ಜಾಗಕ್ಕೆ ತೇಲುಬುರುಡೆಗಳ ಗಡಿ ಇದೆ, ಲೈಫ್‌ಗಾರ್ಡ್ ಇಲ್ಲ. ಮಕ್ಕಳಿಗೆ ಒಬ್ಬ ದೊಡ್ಡವರು ಸರದಿಯ ಮೇಲೆ ಕಾವಲು, ಕೈಯಲ್ಲಿ ಫೋನಿಲ್ಲದೆ. ಕೈಗೆ ಕಟ್ಟುವ ಗಾಳಿಚೀಲ, ಗಾಳಿ ತುಂಬಿದ ಬಾತು-ಫ್ಲೆಮಿಂಗೋ ಇವೆಲ್ಲ ಆಟಿಕೆ. ಜೀವ ಉಳಿಸುವ ಸಾಧನವಲ್ಲ. ಎರಡು ಬೆಟ್ಟಗಳ ನಡುವಿನ ಈ ಕಣಿವೆಯಲ್ಲಿ ಗಾಳಿ ಉದ್ದಕ್ಕೆ ನುಗ್ಗುತ್ತದೆ. ನೀವು ಇರುವ ದಂಡೆಯಿಂದ ನೀರಿನ ಕಡೆಗೆ ಬೀಸುತ್ತಿದ್ದರೆ ಫ್ಲೆಮಿಂಗೋ ಮೇಲೆ ಕೂತ ಮಗು ನೋಡನೋಡುತ್ತಲೇ ದೂರ ಸರಿಯುತ್ತದೆ. ಅಂಥ ದಿನ ಗಾಳಿ ದಂಡೆಯ ಕಡೆಗೆ ಬೀಸುವ ಇನ್ನೊಂದು ಶೋರ್‌ಗೆ ಹೋಗಿ.

ಇಲ್ಲಿ ಸ್ವಿಮ್ಮರ್ಸ್ ಇಚ್ ಎಂಬ ತುರಿಕೆ ಕೆಲವರಿಗೆ ಆಗುತ್ತದೆ. ನೀರುಹಕ್ಕಿಗಳಲ್ಲೂ ಬಸವನಹುಳುಗಳಲ್ಲೂ ಬೆಳೆಯುವ ಪರಾವಲಂಬಿಯ ಮರಿ ತಪ್ಪಿ ಮನುಷ್ಯರ ಚರ್ಮಕ್ಕೆ ಹೊಕ್ಕು ಅಲ್ಲೇ ಸಾಯುತ್ತದೆ. ಕೆಂಪು ಗುಳ್ಳೆ ಒಂದು ವಾರದೊಳಗೆ ತಾನೇ ಹೋಗುತ್ತದೆ. ದಂಡೆಯಂಚಿನ ಬೆಚ್ಚಗಿನ, ಮೊಣಕಾಲುದ್ದದ ನೀರಿನಲ್ಲಿ ಗಂಟೆಗಟ್ಟಲೆ ಕೂರುವ ಪುಟ್ಟ ಮಕ್ಕಳಿಗೇ ಹೆಚ್ಚು. ನೀರಿನಿಂದ ಬಂದ ಕೂಡಲೇ, ಮೈ ತಾನಾಗಿ ಒಣಗಲು ಬಿಡದೆ, ಟವೆಲಿನಿಂದ ಚೆನ್ನಾಗಿ ಉಜ್ಜಿ ಒರೆಸಿ. ಬಾತುಗಳಿಗೆ ಬ್ರೆಡ್ಡು ಹಾಕುವುದು ಈ ತುರಿಕೆಗೆ ನಾವೇ ಕೊಡುವ ಆಹ್ವಾನ.

ಭಾನುವಾರ ಬೆಳಗಿನ ಜಾವ: ಕಯಾಕ್

ಈ ಸರೋವರದಲ್ಲಿ ಎಲೆಕ್ಟ್ರಿಕ್ ಮೋಟರ್ ಬಿಟ್ಟು ಬೇರೆ ಮೋಟರಿಗೆ ಅವಕಾಶವಿಲ್ಲ. ಸ್ಪೀಡ್‌ಬೋಟಿನ ಅಲೆ ಇಲ್ಲದ್ದರಿಂದ ಕಯಾಕ್ ಕಲಿಯಲು ಇದಕ್ಕಿಂತ ಒಳ್ಳೆಯ ನೀರು ಸುತ್ತಮುತ್ತ ಸಿಗುವುದು ಕಷ್ಟ. ಗಾಳಿ ಅತಿ ಕಮ್ಮಿ ಇರುವುದು ಬೆಳಗಿನ ಜಾವ. ಸ್ವಂತ ಕಯಾಕ್ ಅಥವಾ ಗಾಳಿ ತುಂಬುವ ಪ್ಯಾಡಲ್‌ಬೋರ್ಡ್ ಇದ್ದವರಿಗೆ ಆ ಹೊತ್ತು. ಬಾಡಿಗೆಯ ಅಂಗಡಿಗಳು ತಡವಾಗಿ ತೆರೆಯುವುದರಿಂದ ಬಾಡಿಗೆಯವರು ಅಂಗಡಿ ತೆರೆದ ಕೂಡಲೇ ಮೊದಲಿಗರಾಗಿ ಹೋಗಬೇಕು.

ಒಬ್ಬೊಬ್ಬರಿಗೆ ಒಂದು ಲೈಫ್ ಜಾಕೆಟ್ ದೋಣಿಯಲ್ಲಿರಬೇಕೆಂಬುದು ಕಾನೂನು. ಮೈಮೇಲೆ ಇರಬೇಕೆಂಬುದು ನಮ್ಮ ಒತ್ತಾಯ. ಅಳತೆ ನೋಡುವುದು ಹೀಗೆ: ಎಲ್ಲ ಕೊಂಡಿ ಹಾಕಿ, ಪಕ್ಕದ ಪಟ್ಟಿ ಬಿಗಿದು, ಇನ್ನೊಬ್ಬರು ಭುಜದ ಹತ್ತಿರ ಹಿಡಿದು ಮೇಲಕ್ಕೆಳೆಯಲಿ. ಜಾಕೆಟ್ ಗಲ್ಲದವರೆಗೆ ಬಂದರೆ ಅದು ದೊಡ್ಡದು; ನೀರಿಗೆ ಬಿದ್ದಾಗ ತಲೆಯ ಮೇಲಿಂದಲೇ ಕಳಚಿಕೊಳ್ಳುತ್ತದೆ. ಜೀನ್ಸ್, ದುಪಟ್ಟಾ ಬೇಡ. ಕಾರಿನ ಕೀಲಿ ಜಿಪ್ ಇರುವ ಜೇಬಿನಲ್ಲಿ.

ಹೊರಡುವಾಗ ಗಾಳಿಗೆ ಎದುರಾಗಿ ಹುಟ್ಟು ಹಾಕಿ. ಮೈಯಲ್ಲಿ ಶಕ್ತಿ ಇರುವಾಗ ಕಷ್ಟದ ದಾರಿ ಮುಗಿದರೆ ಬರುವಾಗ ಗಾಳಿಯೇ ತಳ್ಳಿಕೊಂಡು ಬರುತ್ತದೆ. ಇದರ ತಿರುಗುಮುರುಗು ಮಾಡಿದವರೇ ಇನ್ನೊಂದು ದಂಡೆಯಲ್ಲಿ ಕೈಸೋತು ಕೂತಿರುತ್ತಾರೆ. ಹುಟ್ಟು ಹಾಕುವುದು ತೋಳಿನಿಂದಲ್ಲ, ಸೊಂಟ ತಿರುಗಿಸಿ. ಅಲಗನ್ನು ಪಾದದ ಹತ್ತಿರ ಇಳಿಸಿ ಸೊಂಟದ ಹತ್ತಿರ ಎತ್ತಬೇಕು, ಅದಕ್ಕಿಂತ ಹಿಂದಕ್ಕೆ ಎಳೆದರೆ ದೋಣಿ ಓಲಾಡುವುದೇ ಹೊರತು ಮುಂದೆ ಹೋಗುವುದಿಲ್ಲ. ಎರಡೂ ಪಕ್ಕದ ದಂಡೆಗಳ ನಡುಭಾಗದಲ್ಲಿ ಬಂಡೆರಾಶಿ ನೇರ ನೀರಿಗಿಳಿದಿದೆ, ದೋಣಿ ಹಚ್ಚಲು ಜಾಗವಿಲ್ಲ. ಮಗುಚಿದರೆ ದೋಣಿ ಬಿಡದೆ ಹಿಡಿದುಕೊಂಡು, ಕಾಲು ಬಡಿಯುತ್ತಾ ಹತ್ತಿರದ ಮರಳದಂಡೆಯ ಕಡೆಗೆ ಹೋಗಬೇಕು. ಮೇ ತಿಂಗಳಲ್ಲಿ ಗಾಳಿ ಬೆಚ್ಚಗಿದ್ದರೂ ನೀರು ಉಸಿರು ಹಿಡಿಯುವಷ್ಟು ತಣ್ಣಗಿರುತ್ತದೆ. ಹೊಸಬರು ಜೂನ್ ಕೊನೆಯವರೆಗೆ ಕಾಯುವುದು ಲೇಸು.

ಮೀನು ಹಿಡಿಯುವವರಿಗೆ 16 ವರ್ಷ ಆಗಿದ್ದರೆ ಲೈಸೆನ್ಸ್ ಬೇಕು. ನೀರಿನಿಂದ ಎತ್ತಿದ ಯಾವುದೇ ದೋಣಿಯಿಂದ ಅಂಟಿದ ಗಿಡ-ಬಳ್ಳಿ ಕಿತ್ತು, ಒಳಗಿನ ನೀರೆಲ್ಲ ಸುರಿದ ಮೇಲೆಯೇ ಕಾರಿಗೆ ಏರಿಸಬೇಕು. ಇದೂ ಕಾನೂನೇ, ಒಂದು ಕೆರೆಯ ಪಿಡುಗು ಇನ್ನೊಂದಕ್ಕೆ ಹೋಗದಿರಲೆಂದು.

ಮನೆಗೆ ಮುಟ್ಟಿದ ಮೇಲೆ

ಉಣ್ಣಿಯ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಲೈಮ್ ರೋಗ ಹರಡುವ ಡೀರ್ ಟಿಕ್ ಇಲ್ಲಿದೆ. ಮೇಯಿಂದ ಜುಲೈವರೆಗೆ ಅದರ ಮರಿ ಗಸಗಸೆ ಕಾಳಿನಷ್ಟೇ ಇರುತ್ತದೆ. ನಡೆಯುವಾಗ ಪ್ಯಾಂಟಿನ ತುದಿ ಕಾಲುಚೀಲದೊಳಗೆ ಸೇರಿಸಿ, ಚರ್ಮಕ್ಕೆ ಉಣ್ಣಿ ಓಡಿಸುವ ಡೀಟ್ ಅಥವಾ ಪಿಕಾರಿಡಿನ್, ಬಟ್ಟೆ-ಬೂಟಿಗೆ ಉಣ್ಣಿ ಕೊಲ್ಲುವ 0.5 ಶೇಕಡಾ ಪರ್ಮೆಥ್ರಿನ್. ಪರ್ಮೆಥ್ರಿನ್ ಮೈಗೆ ಹಚ್ಚುವಂಥದ್ದಲ್ಲ, ಹಿಂದಿನ ದಿನವೇ ಬಟ್ಟೆಗೆ ಸಿಂಪಡಿಸಿ ಒಣಗಿಸಬೇಕು. ಪ್ರತಿ ಸಂಜೆ ಕಂಕುಳು, ತೊಡೆಸಂದಿ, ಮೊಣಕಾಲ ಹಿಂದೆ, ಕಿವಿಯ ಹಿಂದೆ, ಕೂದಲ ಬುಡ ನೋಡಿ. ಕಚ್ಚಿದ್ದರೆ ಮೊನೆಚಿಮುಟದಿಂದ ಚರ್ಮಕ್ಕೆ ತಾಗಿಯೇ ಹಿಡಿದು ನೇರ ಮೇಲಕ್ಕೆಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ. ಸಾಮಾನ್ಯವಾಗಿ 24 ಗಂಟೆಗಿಂತ ಹೆಚ್ಚು ಅಂಟಿದ್ದರೆ ಮಾತ್ರ ರೋಗ ದಾಟುವುದು. ಮುಂದಿನ ವಾರಗಳಲ್ಲಿ ಹರಡುವ ಕೆಂಪು ಕಲೆ, ಜ್ವರ ಬಂದರೆ ಡಾಕ್ಟರಿಗೆ ಉಣ್ಣಿ ಕಚ್ಚಿದ ದಿನಾಂಕ ಹೇಳಿ.

ಮೂರು ಮೂರು ಎಲೆಯ ಪಾಯಿಸನ್ ಐವಿ ತಾಗಿದ್ದರೆ ಬೇಗ ಸೋಪು ಹಚ್ಚಿ ತೊಳೆಯಿರಿ. ಅದರ ಎಣ್ಣೆ ಬೂಟಿನ ದಾರದ ಮೇಲೂ ಉಳಿದಿರುತ್ತದೆ, ಅದನ್ನೂ ತೊಳೆಯಬೇಕು.

ಬಟ್ಟೆಯನ್ನು ಮೊದಲು ಒಗೆಯುವ ಯಂತ್ರಕ್ಕೆ ಹಾಕಬೇಡಿ, ಉಣ್ಣಿ ನೀರಿಗೆ ಸಾಯುವುದಿಲ್ಲ. ಒಣಗಿದ ಬಟ್ಟೆಯನ್ನು ಹಾಗೆಯೇ ಡ್ರೈಯರಿನಲ್ಲಿ ಜಾಸ್ತಿ ಬಿಸಿಗೆ ಹತ್ತು ನಿಮಿಷ ತಿರುಗಿಸಿ, ಆಮೇಲೆ ಒಗೆಯಿರಿ. ಟೆಂಟನ್ನು ಅದೇ ದಿನ, ತಪ್ಪಿದರೆ ಮರುದಿನ, ಗ್ಯಾರೇಜಿನಲ್ಲೋ ಬಾಲ್ಕನಿಯಲ್ಲೋ ಬಿಡಿಸಿ ಒಣಗಿಸಿ. ಬೆಳಗಿನ ಇಬ್ಬನಿಯಷ್ಟೇ ತೇವ ಇದ್ದರೂ ಸುತ್ತಿಟ್ಟ ಟೆಂಟು ಬೂಷ್ಟು ಹಿಡಿಯುತ್ತದೆ, ಆ ವಾಸನೆಗೆ ಯಾವ ಸೋಪೂ ಮದ್ದಲ್ಲ.